ಕಪ್ಪು ತಟ್ಟೆಯೊಳಗಣ ಶ್ರುತಿ

ಒಂದೇ ನಾದವನ್ನು ಇಪ್ಪತ್ತು ನಿಮಿಷಗಳ ಕಾಲ ಎಳೆದು ನಿಲ್ಲಿಸಿದರೆ ಅದನ್ನು ಸಂಗೀತವೆಂದು ಕರೆಯಬಹುದೇ? ಕಛೇರಿಯಲ್ಲಿ ತಂಬೂರಿಯ ಶ್ರುತಿ ಕೂಡಿಸುವುದು ತುಸು ತಡವಾದರೂ ಸಭಿಕರು ಕೆಮ್ಮತೊಡಗುತ್ತಾರೆ, ಗಡಿಯಾರ ನೋಡಿಕೊಳ್ಳುತ್ತಾರೆ. ಹಾಡು ಇನ್ನೂ ಆರಂಭವಾಗಿಲ್ಲವೆಂಬುದು ಅವರ ಎಣಿಕೆ. ಆದರೆ ಹಾಡು ಕೊನೆಯವರೆಗೂ ಆರಂಭವಾಗದೆ, ಶ್ರುತಿಯೊಂದೇ ಆದಿಯಿಂದ ಅಂತ್ಯದವರೆಗೆ ನಡೆದು, ಅದೇ ಕೃತಿಯೆನಿಸಿಕೊಂಡ ಗ್ರಾಮಫೋನ್ ತಟ್ಟೆಯೊಂದು 1969ರಲ್ಲಿ ಜರ್ಮನಿಯ ಮ್ಯೂನಿಕ್ ನಗರದಿಂದ ಹೊರಬಿತ್ತು. ಈ ತಿಂಗಳು ಆ ತಟ್ಟೆಯ ವಿಚಾರವನ್ನು ವಾಚಕರ ಮುಂದಿಡಬೇಕೆಂದು ನಾವು ಬಯಸಿದ್ದೇವೆ. ದೂರದೇಶದ ವಿಚಿತ್ರವೆಂದು ಭಾವಿಸಿ ಪುಟ ಮಗುಚಬಾರದೆಂದು ಬಿನ್ನಹ. ಅದರ ಎಳೆಯೊಂದು ಕುಂದಗೋಳವನ್ನೂ, ನಮ್ಮ ನೆರೆಯ ಮಿರಜವನ್ನೂ ಬಂದು ಮುಟ್ಟುತ್ತದೆ.

ಆ ತಟ್ಟೆಯ ಕರ್ತೃಗಳು ಅಮೇರಿಕೆಯ ದಂಪತಿಗಳು: ಸಂಗೀತಕಾರ ಲಾ ಮಾಂಟ್ ಯಂಗ್ ಮತ್ತು ಚಿತ್ರಕಾರ್ತಿ ಮರಿಯನ್ ಜಜೀಲಾ. ಪ್ರಕಟಿಸಿದವರು ಮ್ಯೂನಿಕ್ಕಿನ ಕಲಾವಸ್ತುಗಳ ವ್ಯಾಪಾರಿ ಹೈನರ್ ಫ್ರೀಡ್ರಿಶ್. ಅಚ್ಚಾದ ಪ್ರತಿಗಳು 2,800 ಮಾತ್ರ. ಅವುಗಳಲ್ಲಿ 98 ಪ್ರತಿಗಳ ಮೇಲೆ ಕಲಾವಿದರ ಸಹಿ ಇತ್ತು. ಹೊದಿಕೆಯ ಬಣ್ಣ ಕಪ್ಪು. ಅದರ ಮೇಲೆ ಜಜೀಲಾ ಅವರ ಬಳ್ಳಿ ಬಳ್ಳಿಯಾದ ಅಕ್ಷರಗಳು, ಅವುಗಳೂ ಕಪ್ಪಿನಲ್ಲಿಯೇ ಮುದ್ರಿತವಾದವುಗಳು. ದೀಪದ ಬೆಳಕಿಗೆ ಓರೆಯಾಗಿ ಹಿಡಿದಲ್ಲದೆ ಬರಹ ಕಾಣಿಸದು. ಹೀಗಾಗಿಯೇ ರಸಿಕರ ಬಾಯಲ್ಲಿ ಅದರ ಹೆಸರು ‘ಕಪ್ಪು ತಟ್ಟೆ’ ಎಂದು ನಿಂತಿತು. ಅದರ ನಿಜವಾದ ಶೀರ್ಷಿಕೆಯಾದರೋ ದಿನಚರಿಯ ಟಿಪ್ಪಣಿಯಂತಿದೆ. ಒಂದು ಮುಖಕ್ಕೆ 1969ರ ಜುಲೈ 31, ರಾತ್ರಿ 10 ಗಂಟೆ 26 ನಿಮಿಷದಿಂದ 10 ಗಂಟೆ 49 ನಿಮಿಷದವರೆಗೆ ಎಂಬುದೇ ಹೆಸರು. ಇನ್ನೊಂದು ಮುಖಕ್ಕೆ 1964ರ ಆಗಸ್ಟ್ 23, ಬೆಳಗಿನ ಜಾವ 2 ಗಂಟೆ 50 ನಿಮಿಷ 45 ಸೆಕೆಂಡಿನಿಂದ 3 ಗಂಟೆ 11 ನಿಮಿಷದವರೆಗೆ. ಜೊತೆಗೆ ‘ವೋಲ್ಗಾ ಡೆಲ್ಟಾ’ ಎಂಬ ಮಾತು.

ಕೃತಿಗೆ ಹೆಸರಿಡದೆ ಗಡಿಯಾರದ ಹೊತ್ತನ್ನೇಕೆ ಇಟ್ಟರು? ನಾದಕ್ಕೆ ಮೊದಲಿಲ್ಲ, ಕೊನೆಯಿಲ್ಲ. ಅದು ಎಂದಿನಿಂದಲೋ ನಡೆದೇ ಇದೆ. ನಾವು ಒಂದಿಷ್ಟು ಹೊತ್ತು ಅದರೊಳಗೆ ಹೊಕ್ಕು ಹೊರಬರುತ್ತೇವೆ ಎಂಬುದು ಯಂಗ್ ಅವರ ನಿಲುವು. ಹೊಳೆಯಲ್ಲಿ ಮಿಂದವನು ತಾನು ಮಿಂದ ಹೊತ್ತನ್ನು ಹೇಳಬಲ್ಲನಲ್ಲದೆ ಹೊಳೆಯ ಉದ್ದವನ್ನು ಹೇಳಲಾರನಷ್ಟೆ.

ಮೊದಲನೆಯ ಮುಖದಲ್ಲಿ ಕೇಳಿಸುವುದು ಮೂರೇ ಅಂಗಗಳು. ವಿದ್ಯುತ್ ಆಂದೋಲಕವೆಂಬ ಉಪಕರಣದಿಂದ ಹೊರಟ, ಏರದ, ಇಳಿಯದ, ಸೈನ್ ತರಂಗದ ಶುದ್ಧನಾದ. ಅದರ ಮೇಲೆ ಗಂಡಹೆಂಡಿರ ಎರಡು ಕಂಠಗಳು. ಸಾಹಿತ್ಯವಿಲ್ಲ, ತಾಳವಿಲ್ಲ, ನಾವು ಬಲ್ಲ ಅರ್ಥದ ರಾಗವೂ ಇಲ್ಲ. ಕಂಠಗಳು ನಾದದ ಪಕ್ಕದಲ್ಲಿ ನಿಲ್ಲುತ್ತವೆ, ತುಸು ಸರಿಯುತ್ತವೆ, ಮತ್ತೆ ಬಂದು ಕೂಡಿಕೊಳ್ಳುತ್ತವೆ. ಎರಡನೆಯ ಮುಖ ಇದಕ್ಕಿಂತಲೂ ಗಹನ. ಶಿಲ್ಪಿ ರಾಬರ್ಟ್ ಮಾರಿಸ್ ನಿರ್ಮಿಸಿದ್ದ ದೊಡ್ಡದೊಂದು ಲೋಹದ ಜಾಗಟೆಯನ್ನು ಕೋಲಿನಿಂದ ಬಾರಿಸದೆ, ಪಿಟೀಲು ಜಾತಿಯ ವಾದ್ಯಗಳಿಗೆ ಬಳಸುವ ಕಮಾನುಗಳಿಂದ ಅದರ ಅಂಚನ್ನು ಉಜ್ಜಿ ಎಬ್ಬಿಸಿದ ನಾದವದು. ಜಾಗಟೆಗೆ ಪೆಟ್ಟು ಬಿದ್ದಾಗ ಕೇಳುವ ಮೊದಲ ಸದ್ದನ್ನು ನಾವೆಲ್ಲರೂ ಬಲ್ಲೆವು. ಆ ಸದ್ದು ಅಡಗಿದ ಮೇಲೆ ಗುಡಿಯ ಕತ್ತಲಲ್ಲಿ ತಿರುಗುತ್ತ ಉಳಿಯುವ ಗುಂಗು ಇದೆಯಲ್ಲ, ಅದನ್ನೇ ಇಪ್ಪತ್ತು ನಿಮಿಷ ಅಡಗಗೊಡದೆ ಹಿಡಿದಿಟ್ಟಂತೆ ಎಂದರೆ ವಾಚಕರು ಊಹಿಸಿಕೊಳ್ಳಬಹುದು.

ಈ ಎರಡನೆಯ ಮುಖದ ಬಗ್ಗೆ ಕಲಾವಿದರು ಒಂದು ವಿಲಕ್ಷಣ ಸ್ವಾತಂತ್ರ್ಯವನ್ನೂ ಕೊಟ್ಟಿದ್ದಾರೆ. ತಟ್ಟೆಯ ಸಹಜವೇಗ ನಿಮಿಷಕ್ಕೆ 33⅓ ಸುತ್ತು. ಕೇಳುಗನು ಇಚ್ಛಿಸಿದಲ್ಲಿ ಈ ಮುಖವನ್ನು 8⅓ ಸುತ್ತಿನವರೆಗೆ ಯಾವುದೇ ನಿಧಾನದ ಸಮವೇಗದಲ್ಲಿ ತಿರುಗಿಸಬಹುದು. ಹಿಂದಿನ ಮನೆಗಳಲ್ಲಿದ್ದ ರೆಕಾರ್ಡ್ ಪ್ಲೇಯರುಗಳ ಗುಂಡಿಯ ಸುತ್ತ 16, 33, 45, 78 ಎಂಬ ಅಂಕೆಗಳಿರುತ್ತಿದ್ದುದನ್ನು ಹಿರಿಯರು ಬಲ್ಲರು. 16ಕ್ಕೆ ತಿರುಗಿಸಿದರೆ ಇಪ್ಪತ್ತು ನಿಮಿಷದ ನಾದ ನಲವತ್ತು ನಿಮಿಷವಾಗಿ ಒಂದು ಸ್ಥಾಯಿ ಕೆಳಗಿಳಿಯುತ್ತದೆ. 8⅓ಕ್ಕೆ ಇಳಿಸಿದರೆ ಎಂಬತ್ತು ನಿಮಿಷವಾಗಿ ಎರಡು ಸ್ಥಾಯಿ ಕೆಳಗೆ, ನೆಲದಡಿಯ ಗುಡುಗಿನಂತಾಗುತ್ತದೆ. ಹಾಡಿದ ತಟ್ಟೆಯನ್ನು ಹೀಗೆ ನಿಧಾನಿಸಿದರೆ ಗಾಯಕ ನಗೆಪಾಟಲಾಗುತ್ತಾನೆ. ಜಾಗಟೆಯ ನಾದಕ್ಕೆ ಮಾತ್ರ ಆ ಭಂಗವಿಲ್ಲ. ನಿಧಾನಿಸಿದಷ್ಟೂ ಅದರ ಒಳಮನೆಗಳು ತೆರೆಯುತ್ತವೆ.

ಯಂಗ್ ಹುಟ್ಟಿದ್ದು 1935ರಲ್ಲಿ, ಇಡಾಹೋ ರಾಜ್ಯದ ಬರ್ನ್ ಎಂಬ ಪುಟ್ಟ ಹಳ್ಳಿಯ ಮರದ ದಿಮ್ಮಿಯ ಮನೆಯಲ್ಲಿ. ದಿಮ್ಮಿಗಳ ಸಂದುಗಳಲ್ಲಿ ನುಗ್ಗುವ ಗಾಳಿಯ ಸಿಳ್ಳು, ಟೆಲಿಫೋನ್ ಕಂಬಗಳ ಗುಂಯ್‌ಗುಡುವಿಕೆ, ಇವೇ ತಮ್ಮ ಮೊದಲ ಸಂಗೀತವೆಂದು ಅವರು ನೆನೆದಿದ್ದಾರೆ. 1958ರಲ್ಲಿ ಅವರು ರಚಿಸಿದ ತಂತಿವಾದ್ಯಗಳ ತ್ರಯದಲ್ಲಿ ಸ್ವರಗಳು ನಿಮಿಷಗಟ್ಟಲೆ ನಿಲ್ಲುತ್ತವೆ. 1960ರ ಅವರ ಇನ್ನೊಂದು ರಚನೆಯಲ್ಲಿ ಇರುವುದು ಎರಡೇ ಸ್ವರ; ಅವನ್ನು ಬಹುಕಾಲ ಹಿಡಿದಿರಬೇಕೆಂಬುದೇ ಅಲ್ಲಿಯ ಆದೇಶ. ಆ ಎರಡು ಸ್ವರಗಳ ನಡುವಣ ಅಂತರವಾವುದು? ನಮ್ಮ ಷಡ್ಜಪಂಚಮದ್ದೇ. ಸರೋದ್ ವಾದಕ ಅಲಿ ಅಕ್ಬರ್ ಖಾನರು 1955ರಲ್ಲಿ ಅಮೇರಿಕೆಯಲ್ಲಿ ಹೊರತಂದ ದೀರ್ಘಧ್ವನಿಮುದ್ರಿಕೆಯನ್ನು ಯಂಗ್ ತಾರುಣ್ಯದಲ್ಲಿ ಕೇಳಿದ್ದರು. ಎಲ್ಲರೂ ಸರೋದಿಗೆ ಮಾರುಹೋದರೆ, ಇವರ ಕಿವಿ ಹಿಂದೆ ಕುಳಿತ ತಂಬೂರಿಯನ್ನೂ ಹಿಡಿದುಕೊಂಡಿತು.

ಇಲ್ಲಿ ತಂಬೂರಿಯ ಗುಟ್ಟನ್ನು ಒಂದಿಷ್ಟು ಬಿಡಿಸಿ ಹೇಳಬೇಕಾಗುತ್ತದೆ. ಅದನ್ನರಿಯದೆ ಕಪ್ಪು ತಟ್ಟೆಯ ಮರ್ಮ ತಿಳಿಯದು. ತಂಬೂರಿಗೆ ನಾಲ್ಕು ತಂತಿ: ಒಂದು ಪಂಚಮ, ಎರಡು ಜೋಡಿ ಷಡ್ಜ, ಕೊನೆಯದು ಮಂದ್ರದ ಖರ್ಜ. ಯಾವ ತಂತಿಯನ್ನೂ ಗಾಂಧಾರಕ್ಕೆ ಕೂಡಿಸಿರುವುದಿಲ್ಲ. ಆದರೂ ವಾದ್ಯ ಚೆನ್ನಾಗಿ ಕೂಡಿದಾಗ ಆ ನಾದದೊಳಗಿಂದ ಗಾಂಧಾರವೊಂದು ತಾನಾಗಿ ಎದ್ದು ಕೇಳುತ್ತದೆ. ಹಿರಿಯರು ಅದನ್ನು ಸ್ವಯಂಭೂ ಗಾಂಧಾರವೆಂದು ಕರೆದರು. ಇದರಲ್ಲಿ ಪವಾಡವೇನೂ ಇಲ್ಲ. ಖರ್ಜದ ತಂತಿ ಸೆಕೆಂಡಿಗೆ 100 ಸಲ ಕಂಪಿಸುತ್ತದೆಂದು ಇಟ್ಟುಕೊಂಡರೆ, ಅದರ ಒಡಲಲ್ಲಿಯೇ 200, 300, 400, 500 ಎಂಬ ಕ್ರಮದಲ್ಲಿ ಉಪಸ್ವರಗಳು ಹುಟ್ಟುತ್ತವೆ. 200 ಮತ್ತು 400 ಮೇಲಿನ ಷಡ್ಜಗಳು, 300 ಪಂಚಮ, 500 ಗಾಂಧಾರ. ಕುದುರೆಯ ಮೇಲೆ ತಂತಿಯ ಅಡಿಗೆ ಸರಿಸುವ ನೂಲಿನ ಎಳೆ, ಎಂದರೆ ಜೀವಾಳ, ಈ ಉಪಸ್ವರಗಳನ್ನು ಅರಳಿಸಿ ಕಿವಿಗೆ ತಂದುಕೊಡುತ್ತದೆ. ಯಾರೂ ಮೀಟದ ಸ್ವರ ಎಲ್ಲರಿಗೂ ಕೇಳಿಸುವ ಬಗೆ ಇದು.

ಯಂಗ್ ಮಾಡಿದ್ದು ಇದೇ ತತ್ತ್ವದ ತಪಸ್ಸು. ಸ್ವರಗಳ ಕಂಪನಗಳು 3ಕ್ಕೆ 2, 4ಕ್ಕೆ 3 ಎಂಬಂತೆ ಪೂರ್ಣಸಂಖ್ಯೆಗಳ ಪ್ರಮಾಣದಲ್ಲಿದ್ದರೆ ನಾದ ಕದಲದೆ ನಿಲ್ಲುತ್ತದೆ. ಕೂದಲೆಳೆಯಷ್ಟು ತಪ್ಪಿದರೂ ಅದು ಮಿಡುಕತೊಡಗುತ್ತದೆ. ಪಾಶ್ಚಾತ್ಯ ಪಿಯಾನೋ ಹಾಗೂ ನಮ್ಮ ಮನೆಮನೆಯ ಹಾರ್ಮೋನಿಯಂ ಸ್ಥಾಯಿಯನ್ನು ಹನ್ನೆರಡು ಸಮಭಾಗ ಮಾಡಿಕೊಂಡ ವಾದ್ಯಗಳು. ಮೇಲಿನ ಲೆಕ್ಕದಲ್ಲಿ ತಂಬೂರಿಯ ಗಾಂಧಾರ 500 ಆದರೆ ಹಾರ್ಮೋನಿಯಂನದು ಸುಮಾರು 504. ಎರಡನ್ನೂ ಕೂಡಿ ನುಡಿಸಿದರೆ ಸೆಕೆಂಡಿಗೆ ನಾಲ್ಕು ಸಲ ನಾದ ತುಳುಕಾಡುತ್ತದೆ. ಈ ತಗಾದೆ ನಮ್ಮಲ್ಲಿಯೂ ಹಳೆಯದೇ. ಸಾಂಗ್ಲಿಯ ಕೆ. ಬಿ. ದೇವಲರು ಇಪ್ಪತ್ತೆರಡು ಶ್ರುತಿಗಳ ಕುರಿತ ತಮ್ಮ ಗ್ರಂಥವನ್ನು 1910ರಲ್ಲಿ ಪ್ರಕಟಿಸಿದರು. ಅವರ ಶ್ರುತಿಸಂಶೋಧನೆಗೆ ಕಂಠವನ್ನೊದಗಿಸಿದವರಲ್ಲಿ ಉಸ್ತಾದ್ ಅಬ್ದುಲ್ ಕರೀಂ ಖಾನರು ಪ್ರಮುಖರು. ಮ್ಯೂನಿಕ್ಕಿನ ತಟ್ಟೆಯ ಪ್ರಶ್ನೆ ಅರವತ್ತು ವರ್ಷ ಮೊದಲೇ ಕೃಷ್ಣೆಯ ದಡದಲ್ಲಿ ಎದ್ದಿತ್ತೆಂಬುದು ನಮಗೆ ಹೆಮ್ಮೆಯ ಸಂಗತಿ.

ಕಪ್ಪು ತಟ್ಟೆ ಬಂದ ಮರುವರ್ಷ, 1970ರಲ್ಲಿ, ಯಂಗ್ ದಂಪತಿಗಳು ಭಾರತೀಯ ಗುರುವೊಬ್ಬರ ಶಿಷ್ಯತ್ವ ವಹಿಸಿದರು. ಆ ಗುರು ಪಂಡಿತ ಪ್ರಾಣನಾಥರು. 1918ರಲ್ಲಿ ಲಾಹೋರಿನಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲಿಯೇ ಸಂಗೀತಕ್ಕಾಗಿ ಮನೆ ಬಿಟ್ಟು, ಕಿರಾನಾ ಘರಾಣೆಯ ಅಬ್ದುಲ್ ವಹೀದ್ ಖಾನರ ಸೇವೆ ಮಾಡಿ ವಿದ್ಯೆ ಪಡೆದವರು. ಡೆಹರಾಡೂನಿನ ತಪಕೇಶ್ವರ ಗುಹಾದೇಗುಲದಲ್ಲಿ ವರ್ಷಗಟ್ಟಲೆ ದೇವರಿಗಾಗಿ ಹಾಡಿಕೊಂಡಿದ್ದವರು. ನ್ಯೂಯಾರ್ಕಿನಲ್ಲಿ 1972ರಲ್ಲಿ ಕಿರಾನಾ ಕೇಂದ್ರವೊಂದನ್ನು ಸ್ಥಾಪಿಸಿ, 1996ರಲ್ಲಿ ಕ್ಯಾಲಿಫೋರ್ನಿಯದಲ್ಲಿ ತೀರಿಕೊಂಡರು. ಯಂಗ್ ಅವರು ಗುರುವಿನ ಬೆನ್ನ ಹಿಂದೆ ಕುಳಿತು ತಂಬೂರಿ ಮೀಟಿದರು. ಹೆಸರುವಾಸಿಯಾದ ಸಂಗೀತಕಾರನು ನಡುಹರೆಯದಲ್ಲಿ ಪುನಃ ವಿದ್ಯಾರ್ಥಿಯಾಗಿ ಶ್ರುತಿ ಹಿಡಿಯಲು ಕುಳಿತನೆಂಬುದು ಸಣ್ಣ ಮಾತಲ್ಲ.

ಕಿರಾನಾ ಎಂಬ ಹೆಸರು ಉತ್ತರಪ್ರದೇಶದ ಊರೊಂದರಿಂದ ಬಂದುದಾದರೂ ಆ ಬಳ್ಳಿ ಹಬ್ಬಿ ಹೂಬಿಟ್ಟದ್ದು ಕನ್ನಡದ ಚಪ್ಪರದಲ್ಲಿ. ವಹೀದ್ ಖಾನರ ಬಂಧುಗಳಾದ ಅಬ್ದುಲ್ ಕರೀಂ ಖಾನರು ಮಿರಜದಲ್ಲಿ ನೆಲೆಸಿ, ಮೈಸೂರಿನ ದಾರಿಯಲ್ಲಿ ಧಾರವಾಡ, ಹುಬ್ಬಳ್ಳಿಗಳಲ್ಲಿ ತಂಗುತ್ತಿದ್ದರು. ಕುಂದಗೋಳದ ಸವಾಯಿ ಗಂಧರ್ವರು ಅವರ ಶಿಷ್ಯರು. ಗಂಗೂಬಾಯಿ ಹಾನಗಲ್ಲರೂ ಭೀಮಸೇನ ಜೋಶಿಯವರೂ ಸವಾಯಿ ಗಂಧರ್ವರ ಶಿಷ್ಯರು. 1937ರಲ್ಲಿ ತೀರಿಕೊಂಡ ಕರೀಂ ಖಾನರ ಸಮಾಧಿ ಮಿರಜದ ಮೀರಾಸಾಹೇಬರ ದರ್ಗಾದ ಆವರಣದಲ್ಲಿದೆ. ಅಲ್ಲಿ ಅವರ ಸ್ಮರಣೆಯಲ್ಲಿ ನಡೆಯುವ ಸಂಗೀತೋತ್ಸವಕ್ಕೆ ನಮ್ಮ ಜತ್ತ, ಸೊಲ್ಲಾಪುರಗಳ ಕಡೆಯ ರಸಿಕರು ಹೊಸಬರಲ್ಲ. ಸ್ವರವನ್ನು ಅವಸರದಲ್ಲಿ ದಾಟಿಹೋಗದೆ ಅದರ ಮೇಲೆ ನಿಲ್ಲಬೇಕು, ಅದನ್ನು ಬೆಳಗಬೇಕು ಎಂಬುದೇ ಈ ಘರಾಣೆಯ ಮೊದಲ ಪಾಠ. ಒಂದೇ ಸ್ವರದಲ್ಲಿ ನೆಲೆ ನಿಲ್ಲಬಯಸಿದ ಅಮೇರಿಕದ ಸಂಗೀತಕಾರನಿಗೆ ಭಾರತದಲ್ಲಿ ದೊರೆತ ಮನೆ ಇದೇ ಆದದ್ದು ಆಕಸ್ಮಿಕವೆಂದು ನಮಗೆ ತೋರುವುದಿಲ್ಲ.

ಯಂಗ್ ಅವರ ಬಳಗದಲ್ಲಿದ್ದ ಜಾನ್ ಕೇಲ್ ಮುಂದೆ ರಾಕ್ ಸಂಗೀತಕ್ಕೆ ಹೋದರು. ಬ್ರಯನ್ ಈನೋ 1978ರಲ್ಲಿ ವಿಮಾನನಿಲ್ದಾಣಗಳಿಗಾಗಿ ರಚಿಸಿದ ಸಂಗೀತಕ್ಕೆ ‘ಆಂಬಿಯಂಟ್’ ಎಂಬ ಹೆಸರನ್ನು ಕೊಟ್ಟರು. ಹಿನ್ನೆಲೆಯಾಗಿ ಸುತ್ತ ಆವರಿಸಿಕೊಳ್ಳುವ ಸಂಗೀತವೆಂದು ಅದರ ಭಾವ. ಅದರ ಕತ್ತಲೆಯ ಕವಲಿಗೆ ‘ಡಾರ್ಕ್ ಆಂಬಿಯಂಟ್’ ಎಂದೂ, ಎಳೆದ ನಾದದ ಸಂಗೀತಕ್ಕೆ ‘ಡ್ರೋನ್’ ಎಂದೂ ಹೆಸರಾಯಿತು. ಇಂದಿಗೂ ಇಂಥ ತಟ್ಟೆಗಳನ್ನು ಕೆಲವೇ ನೂರು ಪ್ರತಿಗಳಷ್ಟು ಅಚ್ಚುಹಾಕಿಸಿ, ಸಂಖ್ಯೆ ಬರೆದು ಮಾರುವ ವಾಡಿಕೆಯುಂಟು. ಸಂಗ್ರಾಹಕರು ಅವನ್ನು ಕೊಂಡು ಕಪಾಟಿನಲ್ಲಿಡುತ್ತಾರೆ.

ನಮ್ಮನ್ನು ಕಾಡುವ ಪ್ರಶ್ನೆ ಇಲ್ಲಿಯೇ ಹುಟ್ಟುತ್ತದೆ. ಮೊದಲಿಲ್ಲದ, ಕೊನೆಯಿಲ್ಲದ ನಾದಕ್ಕೆ 2,800 ಎಂಬ ಲೆಕ್ಕವೇಕೆ? ಯಂಗ್ ತಮ್ಮ ನಾದವನ್ನು ಲೋಕಕ್ಕೆ ಬಿಟ್ಟುಕೊಡುವುದರಲ್ಲಿ ಬಹು ಬಿಗಿಯಾದವರು. 1960ರ ದಶಕದಲ್ಲಿ ಅವರೂ, ಜಜೀಲಾ, ಟೋನಿ ಕಾನ್ರಾಡ್, ಜಾನ್ ಕೇಲ್ ಮುಂತಾದವರೂ ಕೂಡಿ ನಾದವೆಬ್ಬಿಸಿದ ರಾತ್ರಿಗಳ ಟೇಪುಗಳು ಅವರ ವಶದಲ್ಲಿಯೇ ಉಳಿದವು. ಅದೆಲ್ಲ ತಮ್ಮ ರಚನೆಯೆಂದು ಯಂಗ್ ವಾದಿಸಿದರು. ಅದು ಎಲ್ಲರ ಕೂಡುಕೃತಿಯೆಂದು ಕಾನ್ರಾಡ್ ಮತ್ತು ಕೇಲ್ ಹೇಳಿದರು. 1990ರಲ್ಲಿ ಬಫಲೋ ನಗರದಲ್ಲಿ ಯಂಗ್ ಅವರ ಕಾರ್ಯಕ್ರಮ ನಡೆದಾಗ ಕಾನ್ರಾಡ್ ಫಲಕ ಹಿಡಿದು ಹೊರಗೆ ನಿಂತು ಪ್ರತಿಭಟಿಸಿದರು. ಒಂದು ಟೇಪು 2000ದಲ್ಲಿ ಯಂಗ್ ಅವರ ಒಪ್ಪಿಗೆಯಿಲ್ಲದೆ ಪ್ರಕಟವಾಗಿ ವ್ಯಾಜ್ಯ ಮತ್ತಷ್ಟು ಕಹಿಯಾಯಿತು. 2016ರಲ್ಲಿ ಕಾನ್ರಾಡ್, 2024ರಲ್ಲಿ ಜಜೀಲಾ ಕಾಲವಾದರು.

ನ್ಯಾಯ ಯಾರ ಪಕ್ಷದಲ್ಲಿದೆಯೆಂದು ತೀರ್ಮಾನಿಸುವುದು ನಮ್ಮ ಕೆಲಸವಲ್ಲ. ತಮ್ಮ ಸಾಧನೆಯನ್ನು ಕಳಪೆಯಾಗಿ ಹರಡಗೊಡಬಾರದೆಂಬ ಕಲಾವಿದನ ಹಠಕ್ಕೂ ಗೌರವವುಂಟು. ಅಬ್ದುಲ್ ವಹೀದ್ ಖಾನರ ಧ್ವನಿಮುದ್ರಣಗಳೂ ಬೆರಳೆಣಿಕೆಯಷ್ಟೇ ಉಳಿದಿವೆ. ಆದರೆ ವಹೀದ್ ಖಾನರ ವಿದ್ಯೆ ಶಿಷ್ಯರ ಕಂಠದಲ್ಲಿ ಉಳಿಯಿತು. ಶ್ರುತಿಯೆಂಬುದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಲಾಗದು. ಅದನ್ನು ಯಾರಾದರೊಬ್ಬರು ಕುಳಿತು ಹಿಡಿದಿರುವಷ್ಟು ಹೊತ್ತು ಅದು ಇರುತ್ತದೆ. ಕೈ ಬಿಟ್ಟ ಗಳಿಗೆ ಇಲ್ಲವಾಗುತ್ತದೆ.

ಈ ಮಾತು ನಮ್ಮ ಮನೆಯಂಗಳಕ್ಕೂ ಸಲ್ಲುತ್ತದೆ. ಮಿರಜದ ತಂಬೂರಿಗಳು ದೇಶವಿಖ್ಯಾತವಾದವುಗಳು. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ, ಆಯುಧಗಳ ಕಸುಬಿಗೆ ಬೇಡಿಕೆ ಕುಗ್ಗಿದಾಗ, ಶಿಕಲಗಾರ ಮನೆತನದ ಫರೀದಸಾಹೇಬರು ವಾದ್ಯನಿರ್ಮಾಣಕ್ಕೆ ಕೈಹಾಕಿದರು. ಕತ್ತಿಗೆ ಸಾಣೆ ಹಿಡಿದ ಕೈಗಳು ಕುದುರೆಗೆ ಜವಾರಿ ತೆಗೆಯತೊಡಗಿದವು. ವಾದ್ಯದ ಒಡಲಾದ ಬುರುಡೆ ಪಂಢರಪುರದ ಸುತ್ತಿನ ಹೊಲಗಳಲ್ಲಿ ಬೆಳೆಯುತ್ತದೆ. ಕುದುರೆಯ ಮೈಯನ್ನು ಅರದಿಂದ ಉಜ್ಜಿ, ತಂತಿ ಎಲ್ಲಿ ತಾಕಬೇಕು ಎಲ್ಲಿ ಬಿಡಬೇಕು ಎಂಬುದನ್ನು ಕಿವಿಯಿಂದಲೇ ನಿರ್ಣಯಿಸುವ ಕೆಲಸ ಅಳತೆಗೋಲಿಗೆ ಒಲಿಯತಕ್ಕುದಲ್ಲ. ಮಿರಜದ ಸಿತಾರ್ ಮತ್ತು ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತದ್ದು ಸಂತೋಷದ ವಾರ್ತೆ. ಆದರೆ ಮಾನ್ಯತೆಯ ಕಾಗದ ಜವಾರಿ ತೆಗೆಯಲಾರದು. ಈಗ ವಿದ್ಯುತ್ತಿನ ಪೆಟ್ಟಿಗೆಯೂ ಕೈಫೋನೂ ಗುಂಡಿಯೊತ್ತಿದರೆ ಶ್ರುತಿ ನುಡಿಯುತ್ತವೆ. ಅವು ಉಪಕಾರಿಗಳೇ, ಊರೂರು ತಿರುಗುವ ಗಾಯಕನಿಗೆ ಅವುಗಳಿಂದಾದ ಅನುಕೂಲವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಮೀಟುವ ಕೈಯಿಲ್ಲದ ಕಡೆ ಕೇಳುವ ಕಿವಿಯೂ ಮಂದವಾಗುತ್ತದೆ.

ಶ್ರುತಿ ಹಿಡಿಯುವ ಕೆಲಸಕ್ಕೆ ನಮ್ಮ ಜನಪದರು ಕೊಟ್ಟಿದ್ದ ಮಾನವನ್ನೂ ಇಲ್ಲಿ ನೆನೆಯತಕ್ಕುದು. ತತ್ತ್ವಪದಕಾರನ ಏಕತಾರಿ, ಎಲ್ಲಮ್ಮನ ಭಕ್ತರ ಚೌಡಿಕೆ, ಕಾಸರಗೋಡಿನ ಕಡೆ ಯಕ್ಷಗಾನದ ಭಾಗವತರಿಗೆ ಹಾರ್ಮೋನಿಯಂ ಬರುವ ಮುನ್ನ ಶ್ರುತಿ ಕೊಡುತ್ತಿದ್ದ ಪುಂಗಿ, ಇವುಗಳನ್ನು ಹಿಡಿದವರ ಹೆಸರು ಯಾವ ಕರಪತ್ರದಲ್ಲಿಯೂ ಅಚ್ಚಾಗಲಿಲ್ಲ. ಅವರಿಲ್ಲದೆ ಆಟವೂ ಇರಲಿಲ್ಲ, ಪದವೂ ಇರಲಿಲ್ಲ. ಕಪ್ಪು ತಟ್ಟೆಯಿಂದ ನಾವು ಪಡೆಯಬೇಕಾದುದು ಇದೊಂದು ದೃಷ್ಟಿ: ಹಿಂದೆ ಕುಳಿತಿದ್ದುದನ್ನು ಅದು ಮುಂದೆ ತಂದು ಕೂರಿಸಿತು. ಅದನ್ನು ಎಲ್ಲರೂ ಮೆಚ್ಚಬೇಕೆಂದು ನಾವು ಹೇಳುವುದಿಲ್ಲ. ಮೊದಲ ಐದು ನಿಮಿಷ ಬೇಸರ ಬಂದೀತು. ಹತ್ತನೆಯ ನಿಮಿಷದಲ್ಲಿ ಸಿಟ್ಟೂ ಬಂದೀತು. ಅನಂತರ ಕಿವಿ ತನ್ನಷ್ಟಕ್ಕೆ ತಾನೇ ಆ ನಾದದೊಳಗೆ ನಾದವನ್ನು ಹುಡುಕತೊಡಗುತ್ತದೆ. ಕಿವಿಗೆ ಬಂದ ಆ ಎಚ್ಚರವೇ ಲಾಭ.

ಅಷ್ಟಕ್ಕಾಗಿ ಮ್ಯೂನಿಕ್ಕಿನ ತಟ್ಟೆಯೇ ಬೇಕೆಂದಿಲ್ಲ. ಮನೆಯಲ್ಲಿ ತಂಬೂರಿ ಇದ್ದಲ್ಲಿ ಅದರ ಧೂಳು ಒರೆಸಿ, ಬಲ್ಲವರಿಂದ ಶ್ರುತಿ ಕೂಡಿಸಿ, ಸಂಜೆಯ ದೀಪ ಹಚ್ಚಿದ ಮೇಲೆ ಮಕ್ಕಳಿಂದ ಹತ್ತು ನಿಮಿಷ ಮೀಟಿಸಿರಿ. ಹಾಡಬೇಕಾಗಿಲ್ಲ. ಯಾವ ತಂತಿಯಲ್ಲಿಯೂ ಇಲ್ಲದ ಗಾಂಧಾರ ಎಂದು ಕೇಳಿಸೀತೆಂದು ಅವರನ್ನು ಕೇಳಿರಿ. ಕೇಳಿಸಿದ ದಿನ ಅವರ ಮೋರೆಯ ಮೇಲೆ ಬರುವ ಬೆಳಕನ್ನು ನೋಡಿರಿ.

ಗಡಿಯಾಚೆ ಬಾಳುವ ನಮಗೆ ಈ ಗಾಂಧಾರದ ಪಾಠ ಇನ್ನೊಂದು ರೀತಿಯಲ್ಲಿಯೂ ಹತ್ತಿರದ್ದು. ಶಾಲೆಯಲ್ಲಿ, ಕಚೇರಿಯಲ್ಲಿ, ಸಂತೆಯಲ್ಲಿ ನಾವು ಮರಾಠಿಯನ್ನೋ ತೆಲುಗನ್ನೋ ತಮಿಳನ್ನೋ ಮಲೆಯಾಳವನ್ನೋ ಆಡುತ್ತೇವೆ. ಅವೂ ನಮ್ಮ ತಂತಿಗಳೇ, ಅವುಗಳೊಡನೆ ನಮಗೆ ಜಗಳವಿಲ್ಲ. ಮನೆಯೊಳಗಿನ ಕನ್ನಡ ಖರ್ಜದ ತಂತಿ. ಅದು ಸಡಿಲವಾದರೆ ಉಳಿದ ತಂತಿಗಳು ನುಡಿಯುತ್ತಲೇ ಇರುತ್ತವೆ. ಸ್ವಯಂಭೂ ಗಾಂಧಾರ ಮಾತ್ರ ಏಳುವುದಿಲ್ಲ. ಅದನ್ನು ಹಿಡಿದಿರುವ ಕೆಲಸ ಅಜ್ಜಿಯರದು, ತಾಯಂದಿರದು, ರಾತ್ರಿ ಊಟಕ್ಕೆ ಕೂಡಿ ಕುಳಿತು ಮಾತನಾಡುವ ಎಲ್ಲರದು. ಆ ಕೆಲಸಕ್ಕೆ ಚಪ್ಪಾಳೆ ಬೀಳುವುದಿಲ್ಲ. ತಂಬೂರಿಯವನಿಗೂ ಬೀಳುವುದಿಲ್ಲವಷ್ಟೆ.